ಜಗಳದ ಮುಳ್ಳು ಮತ್ತು ದ್ರಾಕ್ಷಾಯಣಿಯ ಹತ್ತು ಪುಟ

ಆ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಗದಗದ ಆ ಓಣಿಯ ಅರ್ಧ ಜನ ಗುರುಸಿದ್ದಪ್ಪನ ಪಡಸಾಲೆಯಲ್ಲಿ ಗಿರ್ಮಿಟ್ ತಿನ್ನುತ್ತ ಕೂತಿದ್ದರು. ಉಳಿದರ್ಧ ಜನ ಬಂದಿರಲಿಲ್ಲ. ಅವರು ಹೋದ ವರ್ಷ ಅವನ ರೊಟ್ಟಿ ಬಡಿಯುವ ಯಂತ್ರದ ಪ್ರದರ್ಶನಕ್ಕೆ ಬಂದು ಮೈತುಂಬ ಹಿಟ್ಟು ಮಾಡಿಕೊಂಡು ಹೋದವರು.

ಗುರುಸಿದ್ದಪ್ಪ ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಸಹಾಯಕನಾಗಿದ್ದು ನಿವೃತ್ತನಾದವನು. ಮುರಿದ ಉಪಕರಣ ರಿಪೇರಿ ಮಾಡುತ್ತ ಮಾಡುತ್ತ ಅವನಿಗೆ ಮುರಿಯದವನ್ನೂ ಬಿಚ್ಚುವ ಚಟ ಹತ್ತಿತ್ತು. ಅಂದು ಅವನು ಬೀಳ್ಕೊಡುಗೆ ಸಮಾರಂಭದಲ್ಲಿ ತನಗೆ ಹೊದಿಸಿದ್ದ, ಈಗ ಯಂತ್ರಕ್ಕೆ ಮುಚ್ಚಿದ್ದ ಶಾಲನ್ನು ಸರ್ರನೆ ಎಳೆದಾಗ ಮೇಜಿನ ಮೇಲೆ ಕಂಡದ್ದು ಒಂದು ಹಳೆಯ ಹಾರ್ಮೋನಿಯಂ. ಕಣ್ಣಿನ ಜಾಗದಲ್ಲಿ ಕ್ಯಾಮೆರಾ, ಹೊಟ್ಟೆಯೊಳಗೆ ಕಂಪ್ಯೂಟರಿನ ಕರುಳು, ಕಾಗದ ಹೊರಬರಲು ಬಾಯಿಯಂಥ ಒಂದು ಸೀಳು. ನೆತ್ತಿಯ ಮೇಲೆ ಸೊನ್ನೆಯಿಂದ ಹತ್ತರವರೆಗೆ ಅಂಕಿ ಬರೆದ ದುಂಡನೆಯ ಮುಖ, ಅದರಲ್ಲಿ ಒಂದೇ ಒಂದು ಕೆಂಪು ಮುಳ್ಳು.

"ಇದರ ಹೆಸರು ಸನ್ನಿವೇಶಿನಿ," ಎಂದ ಗುರುಸಿದ್ದಪ್ಪ. "ಇದರ ಮುಂದ ಏನರ ಮಾತಾಡ್ರಿ. ಚಿತ್ರಕಥಿ ಆಗಿ ಹೊರಗ ಬರತೈತಿ."

ಎದುರುಮನೆಯ ಕಮಲವ್ವ ಗಿರ್ಮಿಟ್‌ಗೆ ಉಪ್ಪು ಕಡಿಮೆಯಾಗಿದೆ ಎಂದಳು. ಹಾರ್ಮೋನಿಯಂ ಒಮ್ಮೆ ಉಸಿರೆಳೆದುಕೊಂಡು ಕಾಗದ ಹೊರಹಾಕಿತು. 'ದೃಶ್ಯ ಒಂದು. ಒಳಾಂಗಣ. ಹಗಲು. ಪಡಸಾಲೆ. ಕಮಲವ್ವ, ಐವತ್ತೈದು, ದುಂಡುಮುಖ, ತಟ್ಟೆಯನ್ನು ಸಂಶಯದಿಂದ ನೋಡುತ್ತಾಳೆ.' ಕೆಳಗೆ ಅವಳ ಮಾತು ಒಂದಕ್ಷರ ತಪ್ಪದೆ ಇತ್ತು. ತನಗೆ ಐವತ್ತೆರಡೇ ಎಂದು ಕಮಲವ್ವ ತಕರಾರು ತೆಗೆದಳು. ಮುಳ್ಳು ಎರಡಕ್ಕೆ ಏರಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಬಾಗಿಲ ಬಳಿ ನಿಂತಿದ್ದ ದ್ರಾಕ್ಷಾಯಣಿಗೆ ಎದೆ ತುಂಬಿ ಬಂತು. ಮದುವೆಯಾಗಿ ಮೂವತ್ತಾರು ವರ್ಷದಲ್ಲಿ ಗಂಡ ಮಾಡಿದ ಯಂತ್ರಗಳೆಲ್ಲ ಅವಳಿಗೆ ಕೆಲಸ ಹೆಚ್ಚಿಸಿದಂಥವೇ. ಇದೊಂದು ಅವಳಿಗಾಗಿ ಮಾಡಿದ್ದು.

ದ್ರಾಕ್ಷಾಯಣಿ ಮೂವತ್ತೆರಡು ವರ್ಷ ಬಸ್ ನಿಲ್ದಾಣದ ಮೈಕಿನ ಮುಂದೆ ಕೂತು ಬಸ್ಸುಗಳ ಹೆಸರು ಕೂಗಿದವಳು. ಅವಳ ದನಿ ಗೊತ್ತಿಲ್ಲದವರು ಆ ಸೀಮೆಯಲ್ಲಿ ಇರಲಿಲ್ಲ, ಅವಳ ಮುಖ ಗೊತ್ತಿದ್ದವರು ಕಡಿಮೆ. ಮೈಕಿನ ಕೋಣೆಯ ಕಿಟಕಿಯಿಂದ ಅವಳು ಕಂಡ ಅಳು, ನಗು, ಓಡಿಹೋಗುವಿಕೆ, ತಿರುಗಿಬರುವಿಕೆ ಲೆಕ್ಕಕ್ಕಿರಲಿಲ್ಲ. ಜೂನ್‌ನಲ್ಲಿ ನಿವೃತ್ತಳಾದಳು. ಜುಲೈನಲ್ಲಿ ಮೊಬೈಲಿನಲ್ಲಿ ಒಂದು ಆನ್‌ಲೈನ್ ವಿಶ್ವವಿದ್ಯಾಲಯದ ಪ್ರಕಟಣೆ ಕಣ್ಣಿಗೆ ಬಿತ್ತು: ಚಿತ್ರಕಥಾ ರಚನೆಯ ಎರಡು ವರ್ಷದ ಕೋರ್ಸು, ನಲವತ್ತು ಸೀಟು, ವಯಸ್ಸಿನ ಮಿತಿ ಇಲ್ಲ. ಆ ಕೊನೆಯ ಮಾತನ್ನು ಅವಳು ನಾಲ್ಕು ಸಲ ಓದಿದಳು. ಅರ್ಜಿಯೊಂದಿಗೆ ಸ್ವಂತದ ಚಿತ್ರಕಥೆ ಹತ್ತು ಪುಟ ಕಳಿಸಬೇಕು, ಆಮೇಲೆ ಸಂದರ್ಶನ. ಆ ಹತ್ತು ಪುಟ ಅವಳ ತಲೆಯಲ್ಲಿ ಇಪ್ಪತ್ತೈದು ವರ್ಷದಿಂದ ಕೂತಿದ್ದವು. ಒಂದು ವಾರದಲ್ಲಿ ನೋಟುಬುಕ್ಕಿಗೆ ಇಳಿದವು.

ಅದು ನಿಜವಾಗಿ ನಡೆದದ್ದು. ಮದುವೆಯಾಗಲು ಮನೆಬಿಟ್ಟು ಬಂದ ಹುಡುಗ ಹುಡುಗಿ ಗಡಿಬಿಡಿಯಲ್ಲಿ ಬೇರೆ ಬೇರೆ ಬಸ್ಸು ಹತ್ತಿ ಕೂತಿದ್ದರು. ಅವಳು ರೋಣದ ಬಸ್ಸಿನಲ್ಲಿ, ಅವನು ಮುಂಡರಗಿಯ ಬಸ್ಸಿನಲ್ಲಿ. ಇಬ್ಬರೂ ಕೂಡಿ ಬಂದದ್ದನ್ನು ಕಿಟಕಿಯಿಂದ ಕಂಡಿದ್ದ ದ್ರಾಕ್ಷಾಯಣಿ ಮೈಕಿನಲ್ಲೇ ಅವರನ್ನು ಒಂದುಗೂಡಿಸಿದ್ದಳು. ನೌಕರಿಯಲ್ಲಿರುವ ತನಕ ಇದನ್ನು ಯಾರಿಗೂ ಹೇಳಿರಲಿಲ್ಲ.

ಸೋಮವಾರ ಆ ಪುಟಗಳನ್ನು ಸನ್ನಿವೇಶಿನಿಯ ಮುಂದೆ ಓದಿದಳು. ಮುಳ್ಳು ಒಂದೂವರೆಯ ಮೇಲೆ ಏಳಲಿಲ್ಲ. ಗುರುಸಿದ್ದಪ್ಪನ ಮುಖ ಸಣ್ಣದಾಯಿತು. ಅವನು ವಿಶ್ವವಿದ್ಯಾಲಯದ ಸೂಚನೆಗಳನ್ನು ತಂದು ಏಳನೇ ನಿಯಮದ ಮೇಲೆ ಬೆರಳಿಟ್ಟ: ಪ್ರತಿ ದೃಶ್ಯದಲ್ಲಿಯೂ ಸಂಘರ್ಷ ಇರತಕ್ಕದ್ದು. ಮುಳ್ಳು ಅಳೆಯುತ್ತಿದ್ದುದು ಅದನ್ನೇ.

"ನಿನ್ನ ಕಥಿಯೊಳಗ ಒಬ್ಬರೂ ಒಬ್ಬರಿಗೆ ಬೈಯೂದಿಲ್ಲಲ್ಲ," ಎಂದ.

"ಬೈದ್ರ ಬಸ್ಸು ನಿಲ್ಲೂದಿಲ್ಲರಿ," ಎಂದಳು ದ್ರಾಕ್ಷಾಯಣಿ.

ಅವನು ಮರುಮಾತಾಡಲಿಲ್ಲ. ಮಾತಾಡದಿದ್ದರೆ ಅವನು ಏನೋ ಮಾಡುತ್ತಾನೆಂದು ಅವಳಿಗೆ ತಿಳಿದಿರಬೇಕಿತ್ತು. ಮಧ್ಯಾಹ್ನ ಅವಳು ಕಣ್ಣು ಮುಚ್ಚಿದ ಹೊತ್ತಿನಲ್ಲಿ ಅವನು ಹಾರ್ಮೋನಿಯಂನ ತಿದಿಗೆ ಹೊಸದೊಂದು ಭಾಗ ಜೋಡಿಸಿದ. ಇನ್ನು ಮೇಲೆ ಮುಳ್ಳು ಮೂರಕ್ಕಿಂತ ಕೆಳಗೇ ಉಳಿದರೆ ಯಂತ್ರ ತಾನಾಗಿಯೇ 'ಸ್ವಲ್ಪ ನೆರವು' ಕೊಡುತ್ತಿತ್ತು.

ಆ ನೆರವು ಏನೆಂಬುದು ಮಂಗಳವಾರ ಬೆಳಿಗ್ಗೆ ಹಾಲಿನವನು ಬಂದಾಗ ಗೊತ್ತಾಯಿತು. ಹಾಲಿನ ಯಲ್ಲಪ್ಪ ಕಮಲವ್ವನ ಪಾತ್ರೆಗೆ ಹಾಲು ಸುರಿಯುತ್ತಿದ್ದ. ದ್ರಾಕ್ಷಾಯಣಿಯ ಕಿಟಕಿಯಿಂದ ತದ್ರೂಪ ಕಮಲವ್ವನ ದನಿ ಕೇಳಿಬಂತು: ಈ ಹಾಲಿನ್ಯಾಗ ಮೀನು ಬಿಟ್ರ ಬದುಕತಾವ. ಕಮಲವ್ವನ ತುಟಿ ಅಲ್ಲಾಡಿರಲಿಲ್ಲ, ಆದರೆ ಯಲ್ಲಪ್ಪ ಬಗ್ಗಿ ಪಾತ್ರೆ ನೋಡುತ್ತಿದ್ದ. ಅವನು ತಲೆ ಎತ್ತಿ ಉತ್ತರ ಹುಡುಕುವ ಮೊದಲೇ ಅದೇ ಕಿಟಕಿಯಿಂದ ಅವನದೇ ದನಿ ಕಮಲವ್ವನ ಜಿಪುಣತನದ ಬಗ್ಗೆ, ಅವಳ ತವರಿನ ಎಮ್ಮೆಗಳ ಬಗ್ಗೆ ಎರಡು ಮಾತಾಡಿತು. ತವರಿನ ಎಮ್ಮೆಯ ತನಕ ಹೋದ ಮೇಲೆ ಇನ್ನೇನು ಉಳಿಯಿತು? ಇಬ್ಬರಿಗೂ ಹತ್ತಿಕೊಂಡಿತು. ಅಕ್ಕಪಕ್ಕದವರು ಬಿಡಿಸಲು ಬಂದರು. ಬಂದವರ ದನಿಯಲ್ಲೂ ಒಂದೊಂದು ಮಾತು ಹೊರಬಿತ್ತು. ಒಂಬತ್ತು ಗಂಟೆಯ ಹೊತ್ತಿಗೆ ಓಣಿಯಲ್ಲಿ ಯಾರು ಯಾರೊಂದಿಗೆ ಮಾತು ಬಿಟ್ಟಿದ್ದಾರೆಂದು ನೆನಪಿಡುವುದೇ ಕಷ್ಟವಾಯಿತು.

ಒಳಗೆ ಗಂಟೆ ಬಾರಿಸಿದ ಸದ್ದು. ದ್ರಾಕ್ಷಾಯಣಿ ಓಡಿಹೋಗಿ ನೋಡಿದರೆ ಮುಳ್ಳು ಎಂಟರ ಮೇಲೆ ನಡುಗುತ್ತಿತ್ತು, ಬಾಯಿಂದ ಕಾಗದ ಇಳಿದು ನೆಲದ ಮೇಲೆ ಸುರುಳಿ ಸುತ್ತಿತ್ತು. ಮೇಲ್ಗಡೆ ದಪ್ಪಕ್ಷರದಲ್ಲಿ 'ಹಾಲು ಮತ್ತು ನೀರು' ಎಂಬ ಶೀರ್ಷಿಕೆ. ಗುರುಸಿದ್ದಪ್ಪ ಮಂಡಿಯೂರಿ ಓದುತ್ತ ಕಣ್ಣೊರೆಸಿಕೊಳ್ಳುತ್ತಿದ್ದ. ಅವನಿಗೆ ದುಃಖವಾಗಿರಲಿಲ್ಲ.

ಅದನ್ನು ಆರಿಸಿ ಎಂದಳು. ಕರೆಂಟು ಹೋದರೂ ನಿಲ್ಲಬಾರದೆಂದು ಬ್ಯಾಟರಿಯನ್ನು ಒಳಗಿಟ್ಟು ಬೆಸುಗೆ ಹಾಕಿದ್ದೇನೆ, ನಾಲ್ಕು ತಿಂಗಳು ಬಾಳಿಕೆ ಬರುತ್ತದೆ ಎಂದು ಅವನು ಹೆಮ್ಮೆಯಿಂದ ತಿಳಿಸಿದ. ಬೆಸುಗೆ ಬಿಚ್ಚಿ ಎಂದಳು. ಬಿಚ್ಚಿದರೆ ಇಷ್ಟು ದಿನದ ಕೆಲಸ ಹಾಳಾಗುತ್ತದೆ ಎಂದ. ಅವಳು ಆ ಸುರುಳಿಯನ್ನು ಕಂಕುಳಲ್ಲಿಟ್ಟುಕೊಂಡು ಮನೆಮನೆಗೆ ಹೋಗಿ, ಯಾವ ಮಾತು ಯಂತ್ರದ್ದು, ಯಾವುದು ಅವರದ್ದು ಎಂದು ಓದಿ ತೋರಿಸಿ ಬಂದಳು. ಕಮಲವ್ವ ನಕ್ಕುಬಿಟ್ಟಳು. ಯಲ್ಲಪ್ಪ ಎಲ್ಲವನ್ನೂ ಕೇಳಿಸಿಕೊಂಡು, ತನಗೆ ಇಷ್ಟೇ ಮಾತು ಕೊಟ್ಟದ್ದು ಅನ್ಯಾಯ ಎಂದ.

ದೊಡ್ಡ ಪೆಟ್ಟು ಗುರುವಾರ ಬಿತ್ತು. ಅರ್ಜಿಯ ಗಡುವು ಬುಧವಾರಕ್ಕೆ ಮುಗಿದಿತ್ತು. ಪುಟಗಳು ಸರಿಯಾದ ನಮೂನೆಯಲ್ಲಿ ಹೋಗಲೆಂದು ಗುರುಸಿದ್ದಪ್ಪ ಯಂತ್ರದಿಂದಲೇ ಅವನ್ನು ಕಳಿಸುವ ವ್ಯವಸ್ಥೆ ಮಾಡಿದ್ದ. ಸ್ವೀಕೃತಿ ಪತ್ರ ಮೊಬೈಲಿಗೆ ಬಂತು. ಅರ್ಜಿದಾರರು: ದ್ರಾಕ್ಷಾಯಣಿ. ಕೃತಿ: ಹಾಲು ಮತ್ತು ನೀರು.

ಅವಳು ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿ ಹಿತ್ತಲಿಗೆ ಹೋಗಿ ಕೂತಳು. ಇಪ್ಪತ್ತೈದು ವರ್ಷ ಬಾಯಿ ಬಿಡದೆ ಕಾದಿಟ್ಟ ಕಥೆಯ ಬದಲು ಎಮ್ಮೆಯ ಜಗಳ ಹೋಗಿತ್ತು. ಗಂಡ ಹಿಂದೆಯೇ ಬಂದು, ಯಂತ್ರದ್ದೇನೂ ತಪ್ಪಿಲ್ಲ, ಹೆಚ್ಚು ಅಂಕದ್ದನ್ನು ಆರಿಸಿಕೊಂಡಿದೆ, ಏಳನೇ ನಿಯಮವನ್ನೇ ಸರಿಯಾಗಿ ಬರೆದಿಲ್ಲ ಎಂದು ವಿವರಿಸಿದ.

ಹನ್ನೊಂದನೆಯ ದಿನ ಸಂದರ್ಶನದ ಕರೆ ಬಂತು. ಹೋಗುವುದೇ ಬೇಡವೆಂದು ಕೂತವಳನ್ನು ಕಮಲವ್ವ ಎಬ್ಬಿಸಿ, ತನ್ನ ಇಳಕಲ್ ಸೀರೆ ಉಡಿಸಿ, ಕಂಪ್ಯೂಟರಿನ ಮುಂದೆ ಕೂರಿಸಿದಳು. ಗುರುಸಿದ್ದಪ್ಪ ಸನ್ನಿವೇಶಿನಿಯನ್ನು ಎರಡು ಕೌದಿಯಲ್ಲಿ ಸುತ್ತಿ ಪಕ್ಕದ ಕೋಣೆಯ ಅಲಮಾರಿನಲ್ಲಿಟ್ಟು, ಅಲಮಾರಿಗೆ ಬೆನ್ನು ಕೊಟ್ಟು ಕಾವಲು ನಿಂತ.

ಪರದೆಯ ಮೇಲೆ ಮೂವರು ಪ್ರಾಧ್ಯಾಪಕರು, ಮೂವರೂ ತಂತಮ್ಮ ಮನೆಯಿಂದ. ನಡುವಿನ ಚೌಕದಲ್ಲಿ ಮುಖ್ಯಸ್ಥೆ ವೈದೇಹಿ ರಾವ್, ಎಡಬಲಕ್ಕೆ ಸೋಮಯಾಜಿ ಮತ್ತು ನಂಜುಂಡೇಗೌಡ. 'ಹಾಲು ಮತ್ತು ನೀರು' ಮೂವರಿಗೂ ಬಹಳ ಹಿಡಿಸಿತ್ತು. ಸೋಮಯಾಜಿಯವರಂತೂ ಎಮ್ಮೆಯ ಮಾತನ್ನು ಎರಡು ಸಲ ಓದಿ ನಕ್ಕರು. ನಲವತ್ತು ಸೀಟಿನಲ್ಲಿ ಒಂದು ಕೈಯಳತೆಯ ದೂರದಲ್ಲಿ ಇದ್ದುದು ದ್ರಾಕ್ಷಾಯಣಿಗೆ ಕಾಣುತ್ತಿತ್ತು. ಸುಮ್ಮನೆ ಹೌದೆಂದರೆ ಸಾಕಿತ್ತು.

"ಅದು ನಾ ಬರದದ್ದಲ್ಲರಿ," ಎಂದಳು. "ನಮ್ಮ ಮನ್ಯಾಗಿನ ಮಷೀನು ಬರದದ್ದು. ನಂದು ಬ್ಯಾರೆ ಐತಿ, ಅದು ನಿಮಗ ಮುಟ್ಟಿಲ್ಲ."

ಮೂವರೂ ಮೌನವಾದರು. ಆ ಮೌನದಲ್ಲಿ ಅಲಮಾರಿನೊಳಗಿನ ಮುಳ್ಳು ಮೂರಕ್ಕಿಂತ ಕೆಳಗೆ ಇಳಿಯಿತು.

ಆಗ ವೈದೇಹಿ ರಾವ್ ಅವರ ದನಿ ಸ್ಪಷ್ಟವಾಗಿ, ಸೋಮಯಾಜಿಯವರು ಹೀಗೇ ಯಾವುದನ್ನಾದರೂ ಹೊಗಳುತ್ತಾರೆ, ಅವರು ಓದುವುದು ಮೊದಲ ಪುಟ ಮಾತ್ರ ಎಂದಿತು. ಸೋಮಯಾಜಿ ಕನ್ನಡಕ ತೆಗೆದರು. ನಂಜುಂಡೇಗೌಡರ ದನಿ, ಅದೂ ಓದುವುದು ಊಟ ಆದ ಮೇಲೆ ನಿದ್ದೆ ಬರಲೆಂದು, ಎಂದು ಸೇರಿಸಿತು. ನಂಜುಂಡೇಗೌಡರು ತಾವು ಬಾಯಿಯೇ ತೆರೆದಿಲ್ಲ ಎಂದರೂ ಯಾರೂ ಕೇಳಲಿಲ್ಲ. ಇಂಟರ್ನೆಟ್ಟಿನಲ್ಲಿ ತುಟಿ ಒಂದು ಕಡೆ, ಮಾತು ಒಂದು ಕಡೆ ಇರುವುದು ಎಲ್ಲರಿಗೂ ರೂಢಿ. ಸ್ವಲ್ಪ ಹೊತ್ತಿನಲ್ಲಿ ನಿಜವಾದ ಮೂವರೂ ಜಗಳಕ್ಕಿಳಿದರು, ಯಂತ್ರದ ಮೂವರೂ ಸೇರಿಕೊಂಡರು. ಹೀಗೆ ಆರು ಜನ ಪ್ರಾಧ್ಯಾಪಕರು ಒಟ್ಟಿಗೆ ಮಾತಾಡತೊಡಗಿದರು. ಸೋಮಯಾಜಿಯವರು ರಾಜೀನಾಮೆಯ ಮಾತೆತ್ತಿದರು. ಅದನ್ನು ಎತ್ತಿದ್ದು ಯಾವ ಸೋಮಯಾಜಿ ಎಂಬುದು ಅವರಿಗೂ ಖಚಿತವಿರಲಿಲ್ಲ.

ದ್ರಾಕ್ಷಾಯಣಿ ಬೆನ್ನು ನೇರ ಮಾಡಿದಳು. ಸಂತೆಯ ದಿನ ಸಾವಿರ ಜನರ ಗದ್ದಲವನ್ನು ಕೂಗಾಡದೆ ಅಡಗಿಸಿದ ದನಿ ಅವಳದು.

"ಪ್ರಯಾಣಿಕರ ಗಮನಕ್ಕೆ," ಎಂದಳು.

ಆರೂ ದನಿಗಳು ನಿಂತವು.

ಯಾವ ಮಾತು ಯಾರ ಬಾಯಿಂದ ಬಂದದ್ದು, ಯಾವುದು ಪಕ್ಕದ ಕೋಣೆಯಿಂದ ಬಂದದ್ದು ಎಂದು ಅವಳು ಒಂದೊಂದಾಗಿ ಬಿಡಿಸಿ ಹೇಳಿದಳು. ಆಮೇಲೆ ಇಷ್ಟೇ ಕೇಳಿಕೊಂಡಳು: ನನ್ನ ಹತ್ತು ಪುಟ ನಿಮ್ಮ ಹತ್ತಿರ ಇಲ್ಲ, ಹತ್ತು ನಿಮಿಷ ಕೊಟ್ಟರೆ ಬಾಯಲ್ಲೇ ಹೇಳುತ್ತೇನೆ.

ಈ ಸಲ ಅವಳು ಓದಲಿಲ್ಲ, ಹೇಳಿದಳು. ಮೈಕಿನ ಕೋಣೆ. ಎಡಗಡೆ ರೋಣದ ಬಸ್ಸಿನ ಕಿಟಕಿಯಲ್ಲಿ ಹುಡುಗಿಯ ಮುಖ, ಬಲಗಡೆ ಮುಂಡರಗಿಯ ಬಸ್ಸಿನಲ್ಲಿ ನೀಲಿ ಟ್ರಂಕಿನ ಹುಡುಗ. ಎರಡೂ ಬಸ್ಸಿನ ಇಂಜಿನು ಶುರುವಾಗಿದೆ. ಮತ್ತು ಅವಳ ಎದುರಿಗೇ, ಕೌಂಟರಿನ ಮೇಲೆ ಎರಡೂ ಕೈಯೂರಿ, ಹುಡುಗಿಯ ಅಣ್ಣ ನಿಂತಿದ್ದಾನೆ. ನನ್ನ ತಂಗಿ ಯಾವ ಬಸ್ಸಿಗೆ ಹೋದಳು ಅಕ್ಕಾರ ಎಂದು ಮೆಲ್ಲಗೆ ಕೇಳುತ್ತಿದ್ದಾನೆ. ಮೈಕು ತೆರೆದಿದೆ. ಅವಳು ಏನು ಹೇಳಿದರೂ ಅವನಿಗೂ ಕೇಳುತ್ತದೆ.

ಪಕ್ಕದ ಕೋಣೆಯಲ್ಲಿ ಗುರುಸಿದ್ದಪ್ಪ ಅಲಮಾರು ತೆರೆದು ಕೌದಿ ಸರಿಸಿ ನೋಡಿದ. ಮುಳ್ಳು ಏಳು ದಾಟಿತ್ತು. ಬೈಗುಳ ಒಂದೂ ಇರಲಿಲ್ಲ.

"ನಾ ಅಂದೆ," ಎಂದಳು ದ್ರಾಕ್ಷಾಯಣಿ, ಆ ದಿನದ ದನಿಯಲ್ಲೇ. "ರೋಣಕ್ಕೆ ಹೋಗುವ ಬಸ್ಸು ಟೈರು ತಪಾಸಣೆಗಾಗಿ ಐದು ನಿಮಿಷ ನಿಲ್ಲತಕ್ಕದ್ದು. ನೀಲಿ ಟ್ರಂಕು ಒಯ್ಯುತ್ತಿರುವ ಪ್ರಯಾಣಿಕರು ಕೂಡಲೇ ಒಂಬತ್ತನೇ ಅಂಕಣಕ್ಕೆ ಬರಬೇಕು."

ನೀಲಿ ಟ್ರಂಕು ಯಾರದೆಂದು ಅವಳನ್ನು ಬಿಟ್ಟರೆ ಆ ನಿಲ್ದಾಣದಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಇಬ್ಬರೂ ಇಳಿದರು. ಅಣ್ಣನಿಗೆ ದ್ರಾಕ್ಷಾಯಣಿ ಮೊದಲನೇ ಅಂಕಣ ತೋರಿಸಿದಳು. ಅವನು ಹೋಗುವ ಮುನ್ನ ಅವಳ ಮುಖವನ್ನೇ ಒಂದು ಕ್ಷಣ ನೋಡಿದ. ಅವನಿಗೆ ಅರ್ಥವಾಗಿತ್ತೋ ಏನೋ, ಇವತ್ತಿಗೂ ಅವಳಿಗೆ ತಿಳಿಯದು. ಒಂಬತ್ತರ ಕಡೆ ತಿರುಗದೆ ಅವನು ಮೊದಲನೇ ಅಂಕಣಕ್ಕೇ ನಡೆದ.

ಹತ್ತರ ಅಂಕಿಗೆ ಬಡಿದು ಮುಳ್ಳು ಮುರಿದ ಸದ್ದು ಪಡಸಾಲೆಗೂ ಕೇಳಿಸಿತು. ವೈದೇಹಿ ರಾವ್ ಪೆನ್ನು ಕೆಳಗಿಟ್ಟರು. ಕೊನೆಗೆ, ಆ ಪುಟಗಳನ್ನು ಕೈಬರಹದಲ್ಲೇ ಫೋಟೊ ತೆಗೆದು ಕಳಿಸಿ, ಯಂತ್ರ ಮುಟ್ಟುವುದು ಬೇಡ ಎಂದರು.

ಎರಡು ವಾರಕ್ಕೆ ಸೀಟು ಸಿಕ್ಕಿದ ಪತ್ರ ಬಂತು. ಗುರುಸಿದ್ದಪ್ಪ ಅದನ್ನು ಕಟಿಂಗ್ ಅಂಗಡಿಯಲ್ಲಿ, ಗಿರಣಿಯಲ್ಲಿ, ನಿವೃತ್ತ ನೌಕರರ ಸಂಘದಲ್ಲಿ ಗಟ್ಟಿಯಾಗಿ ಓದಿದ. ಯಂತ್ರದ ಮಾತೆತ್ತಿದವರಿಗೆ, ಅದಿರಲಿ, ಬಸ್ಸಿನ ಕಥೆ ಕೇಳಿ ಎಂದು ತಾನೇ ಹೇಳತೊಡಗಿದ. ಬಾಗಿಲ ಮೇಲೆ ತನ್ನ ಹೆಸರಿನ ಹಲಗೆಯನ್ನು ಒಂದು ಗೇಣು ಕೆಳಗಿಳಿಸಿ, ಅದರ ಮೇಲೆ 'ದ್ರಾಕ್ಷಾಯಣಿ, ಚಿತ್ರಕಥಾ ವಿದ್ಯಾರ್ಥಿನಿ' ಎಂದು ಬರೆಸಿದ ಹೊಸ ಹಲಗೆ ಹೊಡೆದ. ಹೋಗುತ್ತ ಬರುತ್ತ ಅದನ್ನು ನೋಡುವುದು ದ್ರಾಕ್ಷಾಯಣಿಗೂ ಅಭ್ಯಾಸವಾಯಿತು.

ಸನ್ನಿವೇಶಿನಿಯನ್ನು ಮಾಳಿಗೆಯ ಮೇಲಿನ ಕೋಣೆಯಲ್ಲಿಟ್ಟು ಬೀಗ ಹಾಕಿದ್ದರು. ಮುಳ್ಳು ಮುರಿದಿದ್ದರೂ ಬ್ಯಾಟರಿ ಮುಗಿದಿರಲಿಲ್ಲ. ಅಳೆಯಲು ಮುಳ್ಳಿಲ್ಲದ ಮೇಲೆ ಅದಕ್ಕೆ ಜಗತ್ತಿನಲ್ಲಿ ಎಲ್ಲೆಲ್ಲೂ ಸಂಘರ್ಷದ ಕೊರತೆಯೇ ಕಂಡಿರಬೇಕು. ಮೇಲೆ ಬೇರೆ ಯಾರೂ ಇಲ್ಲದ್ದರಿಂದ ಅದು ತನ್ನೊಂದಿಗೇ ಜಗಳವಾಡತೊಡಗಿತು, ತಾನು ಎಲ್ಲರಿಗಿಂತ ಹೆಚ್ಚು ಕೇಳಿದ ಎರಡು ದನಿಗಳಲ್ಲಿ.

ಒಂದು ಮಧ್ಯಾಹ್ನ ಗಂಡ ಹೆಂಡತಿ ತಣ್ಣಗೆ ಎದುರುಬದುರು ಕೂತು ರೊಟ್ಟಿ ಉಣ್ಣುತ್ತಿದ್ದಾಗ ಕಮಲವ್ವ ನಾಲ್ಕು ಜನರನ್ನು ಕಟ್ಟಿಕೊಂಡು ಜಗಳ ಬಿಡಿಸಲು ಓಡಿಬಂದಳು. ಮಾಳಿಗೆಯ ಮೇಲೆ ದ್ರಾಕ್ಷಾಯಣಿ ಅಳುತ್ತಿದ್ದಳು, ಗುರುಸಿದ್ದಪ್ಪ ಗದ್ಗದಿತನಾಗಿದ್ದ. ತಪ್ಪೆಲ್ಲ ನಂದೇ, ನಿನ್ನ ಕೇಳದ ಆ ಯಂತ್ರಾನ ತಿದ್ದಬಾರದಿತ್ತು, ನನ್ನ ಕ್ಷಮಿಸು ಎನ್ನುತ್ತಿದ್ದ. ಬಂದವರು ಕೆಳಗೆ ಉಣ್ಣುತ್ತಿದ್ದ ಇಬ್ಬರನ್ನು ನೋಡಿದರು, ಸೂರು ನೋಡಿದರು. ಕಮಲವ್ವನಂತೂ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಗುರುಸಿದ್ದಪ್ಪ ರೊಟ್ಟಿ ಮುರಿಯುವುದರಲ್ಲಿ ಮಗ್ನನಾಗಿದ್ದ. ದ್ರಾಕ್ಷಾಯಣಿ ಕೊನೆಯ ಮಾತಿನ ತನಕ ಕಿವಿಗೊಟ್ಟು ಕೇಳಿದಳು. ಈಗ ಅವಳು ಓದುತ್ತಿರುವ ವಿಷಯವೇ ಅದು.

"ಸಂಭಾಷಣಿ ಚಲೋ ಐತಿ ಕಮಲವ್ವ," ಎಂದಳು. "ಆದ್ರ ಪಾತ್ರಕ್ಕ ಒಪ್ಪೂದಿಲ್ಲ."