ನೆಲ ಮುಟ್ಟಬಾರದ ವೈರು

ನಾನು ಹಾವಿಗೆ ಹೆದರುವವನಲ್ಲ. ನಾಯಿಗೆ ಸ್ವಲ್ಪ ಹೆದರುತ್ತೇನೆ, ಆದರೆ ತೋರಿಸಿಕೊಳ್ಳುವುದಿಲ್ಲ. ನಾನು ಬಾಯಿಬಿಟ್ಟು ಒಪ್ಪಿಕೊಳ್ಳುವಷ್ಟು ಹೆದರುವುದು ಈ ಭೂಮಿಯ ಮೇಲೆ ಒಂದೇ ಒಂದು ವಸ್ತುವಿಗೆ: ದೊಡ್ಡಬಳ್ಳಾಪುರದ ನಮ್ಮ ಭಾವನ ಮನೆಯ ಮಹಡಿಯ ಮೇಲಿರುವ ಒಂದು ವೈರಿಗೆ! ಕರೆಂಟು ಹೊಡೆಯುತ್ತದೆಂದಲ್ಲ. ಕರೆಂಟು ಹೊಡೆದರೆ ನಾನೊಬ್ಬನೇ ಸಾಯುತ್ತೇನೆ. ಆ ವೈರನ್ನು ತುಳಿದರೆ ಭಾವ ಎದೆಯೊಡೆದು ಸಾಯುತ್ತಾರೆ, ಅದರ ಬೆಲೆ ತಿಳಿದು ಅಕ್ಕ ಸಾಯುತ್ತಾಳೆ, ಉಳಿದ ನನ್ನನ್ನು ನೆಂಟರೆಲ್ಲ ಸೇರಿ ಸಾಯಿಸುತ್ತಾರೆ.

ಭಾವ ಮೀಸೆ ಮೂಡುವ ವಯಸ್ಸಿನಿಂದಲೂ ಮಗ್ಗ ನಡೆಸಿದವರು. ಮನೆಗೆ ಅಂಟಿಕೊಂಡೇ ಪವರ್‌ಲೂಮಿನ ಶೆಡ್ಡು. ಮಂಡಿನೋವು ಶುರುವಾದ ಮೇಲೆ ಅದನ್ನು ಬಾಡಿಗೆಗೆ ಕೊಟ್ಟು, "ಸೀರೆ ನೇಯ್ದಿದ್ದು ಸಾಕು ಕಣಪ್ಪಾ, ಇನ್ಮೇಲೆ ಕೂತ್ಕೊಂಡು ಸಂಗೀತ ಕೇಳ್ತೀನಿ" ಎಂದರು. ಎಂಥ ಒಳ್ಳೆಯ ಮಾತು! ಇಸ್ಪೀಟಲ್ಲ, ಕುಡಿತವಲ್ಲ, ಸಂಗೀತ. ನಾವೆಲ್ಲ ಮೆಚ್ಚಿ ತಲೆದೂಗಿದೆವು. ತಲೆ ಇನ್ನೂ ತೂಗುತ್ತಿರುವಾಗಲೇ ಒಂದು ರೆಕಾರ್ಡ್ ಪ್ಲೇಯರ್ ಬಂತು. ಅದರ ಬೆನ್ನಿಗೆ ಆಂಪ್ಲಿಫೈಯರ್. ಅದರ ಬೆನ್ನಿಗೆ ನನ್ನ ಎದೆಮಟ್ಟ ನಿಲ್ಲುವ ಜೋಡಿ ಸ್ಪೀಕರುಗಳು. ಕೊನೆಗೆ ಇವನ್ನೆಲ್ಲ ಕೂಡಿಸಲು ಬೆಂಗಳೂರಿನ ಯಾವುದೋ ಅಂಗಡಿಯಿಂದ ಆ ಮಹಾತಾಯಿ ವೈರು ಬಂತು. ಕೇರೆಹಾವಿನಷ್ಟು ದಪ್ಪ. ಮೈಮೇಲೆ ನೇಯ್ದ ಬಟ್ಟೆಯ ಹೊದಿಕೆ. ಬೆಲೆ? ಅದೇ ದುಡ್ಡಿಗೆ ಹೊಸ ಸ್ಕೂಟರು ಬರುತ್ತಿತ್ತು, ಹೆಲ್ಮೆಟ್ಟಿನ ಸಮೇತ!

ಆ ವೈರು ನೆಲ ಮುಟ್ಟಬಾರದಂತೆ. ಅದಕ್ಕೆಂದೇ ಉದ್ದಕ್ಕೂ ಚಿಕ್ಕ ಚಿಕ್ಕ ಮರದ ಪೀಠಗಳು. ನಮ್ಮ ಮನೆಯ ಹಿರಿಯರಿಗೂ ಇಂಥ ಪೀಠ ಸಿಕ್ಕಿರಲಿಲ್ಲ.

"ನೆಲ ತಾಕಿದ್ರೆ ಏನಾಗುತ್ತೆ ಭಾವ?"

"ಸದ್ದೆಲ್ಲ ಭೂಮಿಗೆ ಇಳ್ದೋಗುತ್ತೆ ಕಣೋ. ಲೇ, ಪಂಚೆ! ಪಂಚೆ ಎತ್ಕೊಳೋ!"

ನಾನು ಪಂಚೆ ಎತ್ತಿಕೊಂಡು, ಉಸಿರು ಬಿಗಿಹಿಡಿದು, ತುಂಬಿದ ಹೊಳೆ ದಾಟುವವನಂತೆ ಆ ವೈರನ್ನು ದಾಟಿ ಗೋಡೆಗೆ ಒರಗಿದೆ. ಒರಗಬಾರದಂತೆ, ಗೋಡೆ ಕಂಪಿಸುತ್ತದಂತೆ! ಸೀನು ಬಂತು. ಹೊರಗೆ ಓಡಿಹೋಗಿ ಸೀನಿ ಬಂದೆ. ಪಕ್ಕದ ಶೆಡ್ಡಿನಲ್ಲಿ ಅಷ್ಟು ಮಗ್ಗಗಳು ಖಟಖಟ ಬಡಿದುಕೊಳ್ಳುತ್ತಿರುವಾಗ ನನ್ನದೊಂದು ಸೀನಿನಿಂದ ಯಾವ ರಾಗ ಕೆಡುತ್ತಿತ್ತು? ಕೇಳುವ ಧೈರ್ಯವಿರಲಿಲ್ಲ.

ಅದಕ್ಕಿಂತ ಭಯಂಕರವಾದದ್ದು ಭಾವನ ಪರೀಕ್ಷೆ. ಪಿಟೀಲಿನ ಒಂದೇ ರೆಕಾರ್ಡನ್ನು ಹಳೆಯ ವೈರಿನಲ್ಲೊಮ್ಮೆ, ಹೊಸ ವೈರಿನಲ್ಲೊಮ್ಮೆ ಹಾಕಿ, ನನ್ನ ಮುಖವನ್ನೇ ನೋಡುತ್ತಾ ಕೂರುತ್ತಿದ್ದರು. "ಏನ್ ವ್ಯತ್ಯಾಸ ಕಾಣ್ಸುತ್ತೆ? ಹೇಳು. ಹೊಳಪು ಬಂತಾ?" ಎಸ್ಸೆಲ್ಸಿ ಗಣಿತದ ದಿನವೂ ನನ್ನ ಅಂಗೈ ಹಾಗೆ ಬೆವರಿರಲಿಲ್ಲ. ವ್ಯತ್ಯಾಸವಿಲ್ಲವೆಂದರೆ ಅವರ ಮುಖ ಬಾಡುತ್ತದೆ. ಇದೆಯೆಂದರೆ ಯಾವುದೆಂದು ಹೇಳಬೇಕು! ಪ್ರಾಣಭಯದಿಂದ ಒಂದು ಸಲ, "ಆಗ ಪಿಟೀಲಿನೋರು ಗೋಡೆಯಾಚೆ ಇದ್ರು ಭಾವ, ಈಗ ಸೋಫಾದಲ್ಲಿ ಬಂದು ಕೂತವ್ರೆ" ಎಂದುಬಿಟ್ಟೆ.

"ಭೇಷ್! ಕಿವಿ ಅಂದ್ರೆ ಇದಪ್ಪಾ!" ಎಂದು ಬೆನ್ನು ತಟ್ಟಿದವರು, ಮಾರನೆಯ ದಿನವೇ ಬೆಂಗಳೂರಿಗೆ ಹೋಗಿ ಆಂಪ್ಲಿಫೈಯರಿನ ತಲೆಯ ಮೇಲಿಡಲು ನುಣ್ಣಗಿನ ಕಪ್ಪು ಕಲ್ಲೊಂದನ್ನು ತಂದರು. ಕಂಪನ ಹೀರುವ ಕಲ್ಲಂತೆ. ಸುತ್ತಮುತ್ತ ಬಂಡೆಗಳಿಗೇನು ಬರವೇ? ದುಡ್ಡು ಕೊಟ್ಟು ಬೆಂಗಳೂರಿನಿಂದ ಕಲ್ಲು ಹೊತ್ತು ತಂದ ದೊಡ್ಡಬಳ್ಳಾಪುರದವರು ನಮ್ಮ ಭಾವ ಒಬ್ಬರೇ ಇರಬೇಕು! ಅಂದಿನಿಂದ ಅವರ ಮುಂದೆ ಬಾಯಿ ತೆರೆಯಲೂ ನನಗೆ ಭಯ.

ಇಷ್ಟಾದರೂ ಅಕ್ಕ ಸುಮ್ಮನಿದ್ದದ್ದು ಹೇಗೆ? ಯಾವುದರ ಬೆಲೆಯನ್ನೇ ಆಗಲಿ, ಭಾವ ಕೊನೆಯ ಸೊನ್ನೆಗಳನ್ನು ಕತ್ತರಿಸಿಯೇ ಅವಳಿಗೆ ಹೇಳುತ್ತಿದ್ದರು. ಅವಳ ಪಾಲಿಗೆ ಆ ವೈರು ಐನೂರು ರೂಪಾಯಿಯದು. ಹೀಗಿರುವಾಗ ಇನ್ನೂ ಒಳ್ಳೆಯ ವೈರೊಂದು ಬಂದು, ಮೊದಲನೆಯದು ಮಂಚದ ಕೆಳಗಿನ ಚೀಲ ಸೇರಿತು. ಒಂದು ಭಾನುವಾರ ಬೆಳಿಗ್ಗೆ ಭಾವನೂ ನಾನೂ ತಾರಸಿಗೆ ಹೋಗಿ ನೋಡಿದರೆ, ಅದೇ ವೈರು ಎರಡು ಕಂಬಗಳ ನಡುವೆ ಬಿಗಿದುಕೊಂಡಿದೆ! ಅದರ ಮೇಲೆ ಸಾಲಾಗಿ ಒದ್ದೆ ಟವೆಲ್ಲು, ಲಂಗ, ಭಾವನದೇ ಪಟ್ಟಾಪಟ್ಟಿ ಚಡ್ಡಿ! ಪಕ್ಕದಲ್ಲೇ ಬಕೆಟ್ಟು ಹಿಡಿದು ನಿಂತ ಅಕ್ಕ.

ಭಾವ ಬಿಳಿಚಿಕೊಂಡರು. ನಾನು ಅವರ ತೋಳು ಹಿಡಿದುಕೊಂಡೆ.

"ಏನೇ ಇದು…" ಎಂದರು, ಕೀರಲು ದನಿಯಲ್ಲಿ.

"ಸುಮ್ನೆ ಬಿದ್ದಿತ್ತಲ್ಲ, ಕಟ್ದೆ. ಭಾಳ ಗಟ್ಟಿ ಐತೆ ಕಣ್ರೀ. ಐನೂರಕ್ಕೆ ಏನೂ ಮೋಸ ಇಲ್ಲ. ಇನ್ನೆರಡು ತಂದ್ಕೊಡಿ, ಪಕ್ಕದ್ಮನೆಯೋರೂ ಕೇಳ್ತಾವ್ರೆ" ಎಂದಳು ಅಕ್ಕ.

ನಕ್ಕರೆ ಗುಟ್ಟು ಬಯಲಾದೀತೆಂದು ನಾನು ನಾಲಗೆ ಕಚ್ಚಿಕೊಂಡು ನಿಂತೆ. ಈಗಲೂ ಅಕ್ಕ "ಆ ವೈರು ಎಲ್ ಸಿಗುತ್ತೋ?" ಎಂದು ಫೋನು ಮಾಡಿದರೆ ನನ್ನ ಎದೆ ಡವಗುಟ್ಟುತ್ತದೆ.

ಆದರೆ ಇವೆಲ್ಲ ಒಂದು ಭಯವೇ ಅಲ್ಲ ಎಂದು ನನಗೆ ತಿಳಿದದ್ದು ಹೋದ ಅವರೆಕಾಯಿ ಕಾಲದಲ್ಲಿ.

ಅಂದು ಮಧ್ಯಾಹ್ನ ಕರೆಂಟು ಹೋಗಿತ್ತು. ಮಗ್ಗಗಳೆಲ್ಲ ನಿಂತು ಇಡೀ ಬೀದಿ ಮೂಕವಾಗಿತ್ತು. ಆ ಮೌನದಲ್ಲಿ ಅಕ್ಕನ ಮನೆಯ ಕುಕ್ಕರ್ ಮಾತ್ರ ಕೂಗುತ್ತಿತ್ತು. ನಾನು ಗೇಟು ತೆಗೆದಾಗ ಕೂಗಿತು, ಚಪ್ಪಲಿ ಬಿಡುವಾಗ ಕೂಗಿತು. ಯಾರೂ ಆರಿಸುತ್ತಿಲ್ಲ. ಮನೆಯಲ್ಲಿ ಯಾರಿಗಾದರೂ ಏನಾದರೂ ಆಯಿತೇ? ಒಳಗೆ ಓಡಿದೆ. ಅಡುಗೆಮನೆಯ ಬಾಗಿಲ ಪಕ್ಕದಲ್ಲೇ ಭಾವ ಕುರ್ಚಿಯಲ್ಲಿ ಕೂತು, ಯಾವುದೋ ಪ್ಲಗ್ಗನ್ನು ಪ್ರೀತಿಯಿಂದ ಒರೆಸುತ್ತಿದ್ದಾರೆ! ಒಳಗೆ ಕುಕ್ಕರ್ ಒಲೆಯ ಮೇಲೆ ಕುಣಿಯುತ್ತಿದೆ. ನುಗ್ಗಿ ಗ್ಯಾಸು ಆರಿಸಿದೆ.

"ಏನಪ್ಪಾ, ಓಡ್ಬಂದೆ?" ಎಂದರು ಭಾವ, ನಗುತ್ತಾ. "ನಿಮ್ಮಕ್ಕ ಅಂಗ್ಡಿಗೆ ಹೋಗವಳೆ. ಕುಕ್ಕರ್ ಕೂಗಿದ್ಮೇಲೆ ಆರ್ಸಿ ಅಂದವಳೆ, ಅದಿನ್ನೂ ಕೂಗೇ ಇಲ್ಲ."

ನನ್ನ ಮುಖ ನೋಡಿ ಅವರ ನಗು ನಿಂತಿತು.

"ಕೂಗ್ತಾ?"

"ಗೇಟಿಂದ ಕೇಳಿಸ್ತಿತ್ತು ಭಾವ."

ಪ್ಲಗ್ಗನ್ನು ಮಡಿಲಿಗಿಟ್ಟು ಅವರು ಕಿವಿ ಮುಟ್ಟಿಕೊಂಡರು. ವೈರಿನ ವಿಷಯ ಬಿಟ್ಟರೆ ಎಂದೂ ಯಾವುದಕ್ಕೂ ಹೆದರದ ಮನುಷ್ಯ ಹೆದರಿದ್ದನ್ನು ನಾನು ಅಂದೇ ನೋಡಿದ್ದು.

"ಶೆಡ್ ಬಿಟ್ಮೇಲೆ ಗೊತ್ತಾಯ್ತು ಕಣೋ," ಎಂದರು. "ಮಾತು ಕೇಳ್ಸುತ್ತೆ, ಕೀರಲು ಸಣ್ಣ ಸದ್ದೆಲ್ಲ ಹೊಂಟೋಗಿದ್ವು. ಹುಡುಗನಾಗಿದ್ದಾಗ ಕೇಳ್ತಿದ್ದ ಅದೇ ಪಿಟೀಲು, ಹೊಳಪೇ ಇಲ್ಲ. ಪ್ಲೇಯರ್ ಸರಿಯಿಲ್ಲ ಅನ್ಕೊಂಡೆ. ಆಮೇಲೆ ಸ್ಪೀಕರ್ರು. ಆಮೇಲೆ ವೈರು. ಕಿವಿ ಕೆಟ್ಟೈತೆ ಅನ್ನೋದಕ್ಕಿಂತ ವೈರು ಕೆಟ್ಟೈತೆ ಅನ್ನೋದು ವಾಸಿ ಅಲ್ವೇನೋ? ವೈರಾದ್ರೆ ಬದಲಾಯಿಸ್ಬಹುದು." ನನ್ನ ಕೈ ಹಿಡಿದು, "ಪೂರ್ತಿ ಹೋಗ್ಬಿಟ್ರೆ? ನಿಮ್ಮಕ್ಕನಿಗೆ ಹೇಳ್ಬೇಡ, ದಮ್ಮಯ್ಯ" ಎಂದರು.

ಹೇಳಿದೆ. ಹೇಳದೆ ಇನ್ನೇನು ಮಾಡಲಿ? ಅಕ್ಕ ಬೈಯಲಿಲ್ಲ, ಅಳಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡು, "ನಾಳೆ ಡಾಕ್ಟ್ರ ಹತ್ರ ಹೋಗಣ" ಎಂದಳು. ಮಗ್ಗದ ಸದ್ದಿಗೆ ಹೋದದ್ದು ಮರಳುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬಹುದು ಎಂದರು ಕಿವಿಯ ಡಾಕ್ಟರು. ಕಿವಿಗೊಂದು ಮಿಷನ್ ಹಾಕಿಕೊಳ್ಳಲು ಬರೆದುಕೊಟ್ಟರು.

ಅದನ್ನು ಹಾಕಿಸಿದ ದಿನ ನಾನೂ ಜೊತೆಗಿದ್ದೆ. ಕಡಲೆಬೀಜದಷ್ಟು ವಸ್ತು. ಭಾವ ಕಣ್ಣು ಮುಚ್ಚಿ, ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದರು. ಅಕ್ಕ ಎದುರಿಗೆ ಬಗ್ಗಿ, ಮದುವೆಯಾದಾಗಿನಿಂದ ಮಗ್ಗದ ಸದ್ದಿನ ಮೇಲೆ ಕೂಗಿ ಕೂಗಿ ದಪ್ಪಗಾದ ಅದೇ ದನಿಯಲ್ಲಿ, "ರೀ! ಕೇಳಿಸ್ತಾ?" ಎಂದಳು.

ಭಾವ ಕಣ್ಣು ಬಿಟ್ಟರು. ನೀರು ತುಂಬಿತ್ತು.

"ಮೆಲ್ಲಗೆ ಮಾತಾಡೇ," ಎಂದರು. "ಕೇಳಿಸ್ತೈತೆ."

ಅಕ್ಕ ಏನೋ ಹೇಳಲು ಬಾಯಿ ತೆರೆದಳು. ಮೆಲ್ಲಗೆ ಮಾತಾಡಿ ಅವಳಿಗೆ ಅಭ್ಯಾಸವೇ ತಪ್ಪಿಹೋಗಿತ್ತು. ತುಟಿ ಅಲ್ಲಾಡಿತು, ದನಿ ಹೊರಡಲಿಲ್ಲ. ಆಮೇಲೆ ಹೊಸ ಸೊಸೆಯಂತೆ ತಲೆ ತಗ್ಗಿಸಿ, ನನಗೂ ಕೇಳಿಸದಷ್ಟು ಸಣ್ಣಗೆ ಅವರಿಗೇನೋ ಹೇಳಿದಳು.

ಭಾವ ನಕ್ಕರು. ಏನು ಹೇಳಿದಳೆಂದು ನಾನು ಕೇಳಲಿಲ್ಲ.