‘ಮೊದಲು’ ಚಿತ್ರದ ನಾಯಿಯನ್ನು ‘ನಂತರ’ ಚಿತ್ರಕ್ಕೆ ವರ್ಗಾಯಿಸುವ ಕುರಿತು

ಇಂದ,
ಗೋಣಿ (ನಾಯಿ, ಗಂಡು, ಕಂದು ಬಣ್ಣ, ವಯಸ್ಸು ಅಂದಾಜು ಐದು) ಇದರ ಪರವಾಗಿ
ಅದರ ಪೋಷಕ ಹಾಗೂ ಸಂಜೆ ಪತ್ರಿಕೆಯೊಂದರ ಉಪಸಂಪಾದಕ,
ಔಷಧದಂಗಡಿಯ ಮೇಲಿನ ಮಹಡಿ.

ಗೆ,
ವ್ಯವಸ್ಥಾಪಕ ನಿರ್ದೇಶಕರು,
ನಾಯಿಗಳ ಕೂದಲಿಗೆ ಹೊಳಪು ಕೊಡುವ ಒಮೆಗಾ ಮೀನೆಣ್ಣೆ ತಯಾರಿಸುವ ಕಂಪನಿ.
(ಪ್ರಚಾರ ವಿಭಾಗದ ಮ್ಯಾನೇಜರ್ ಅವರ ಮೂಲಕ ಅಲ್ಲ.)

ವಿಷಯ: ಜಾಹೀರಾತಿನ ‘ಮೊದಲು’ ನಾಯಿಯನ್ನು ಕಂಪನಿಯ ವಶಕ್ಕೆ ಪಡೆಯದೆ, ‘ನಂತರ’ ನಾಯಿಯೊಂದಿಗೆ ಪರಸ್ಪರ ವರ್ಗಾವಣೆ ಮಾಡುವ ಬಗ್ಗೆ.

ಉಲ್ಲೇಖ: 1. ತಮ್ಮ ಪ್ರಚಾರ ವಿಭಾಗದ ಮ್ಯಾನೇಜರ್ ಕಳುಹಿಸಿರುವ ನೋಟಿಸು.
2. ನಮ್ಮ ಪತ್ರಿಕೆಯ ಐದನೇ ಪುಟದಲ್ಲಿ ಪ್ರತಿ ಶನಿವಾರ ಬರುವ ತಮ್ಮ ಜಾಹೀರಾತು.
3. ನನ್ನ ತಾಯಿಯವರ ಮೌಖಿಕ ಆದೇಶ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಉಲ್ಲೇಖ (1)ರ ನೋಟಿಸಿನಲ್ಲಿ ಗೋಣಿಯ ಮೇಲೆ ಹೊರಿಸಿರುವ ಆರೋಪ ಒಂದೇ: ಅದರ ಕೂದಲು ಹೊಳೆಯುತ್ತಿದೆ. ಆರೋಪ ನಿಜ. ನಾನು ಅಲ್ಲಗಳೆಯುವುದಿಲ್ಲ. ಆದರೆ ಮುಂದಿನ ಚಿತ್ರೀಕರಣದೊಳಗೆ ‘ನಾಯಿಯನ್ನು ಮೂಲ ಸ್ಥಿತಿಗೆ ತರತಕ್ಕದ್ದು, ತಪ್ಪಿದಲ್ಲಿ ಕಂಪನಿಯ ವಶಕ್ಕೆ ಒಪ್ಪಿಸತಕ್ಕದ್ದು’ ಎಂಬ ಆದೇಶವನ್ನು ಪಾಲಿಸಲು ಸಾಧ್ಯವಿಲ್ಲ. ಕಾರಣಗಳು ಈ ಕೆಳಗಿನಂತಿವೆ.

1. ನೇಮಕಾತಿಯ ಹಿನ್ನೆಲೆ. ಮೂರು ವರ್ಷದ ಹಿಂದೆ ಈ ನಾಯಿ ನಮ್ಮ ಮೆಟ್ಟಿಲ ಕೆಳಗೆ ಬಂದು ಮಲಗಿತು. ಕೂದಲು ಒರಟಾಗಿತ್ತು, ಬಾಲದ ಬುಡದಲ್ಲಿ ಚರ್ಮ ಕಾಣುತ್ತಿತ್ತು. ಔಷಧದಂಗಡಿಯವರು ಗೋಣಿಚೀಲ ಬಿದ್ದಿದೆ ಎಂದುಕೊಂಡು ಎತ್ತಿಡಲು ಹೋದರು, ಚೀಲ ಆಕಳಿಸಿತು. ಹೆಸರು ಹಾಗೆ ಬಂತು. ಆಮೇಲೆ ಒಂದು ದಿನ ನಮ್ಮ ಮನೆಗೆ ಬಂದ ಜಾಹೀರಾತು ಫೋಟೋಗ್ರಾಫರ್ ಅದರ ಸುತ್ತ ಎರಡು ಸುತ್ತು ಹಾಕಿ, “ಗುರುವೇ, ಇಂಥ ನಾಯೀನ ಮೇಕಪ್ ಹಾಕಿ ಮಾಡ್ತೀನಿ ಅಂದ್ರೂ ಆಗಲ್ಲ. ರೆಡಿಯಾಗಿ ಬಂದ್ಬಿಟ್ಟಿದೆ!” ಎಂದರು. ಅಂದಿನಿಂದ ಗೋಣಿ ತಮ್ಮ ಜಾಹೀರಾತಿನ ಎಡಭಾಗದಲ್ಲಿ, ‘ಮೊದಲು’ ಎಂಬ ಪದದ ಕೆಳಗೆ ಸೇವೆ ಸಲ್ಲಿಸುತ್ತಿದೆ. ಜಾಹೀರಾತು ನಡೆಯುವವರೆಗೆ ನಾಯಿ ‘ಕಂಪನಿಯ ಪ್ರಚಾರ ಸಾಮಗ್ರಿ’ ಎಂಬ ಕರಾರಿಗೆ ನಾನು ಸಹಿ ಹಾಕಿರುವುದೂ ನಿಜ. ಸಾಮಗ್ರಿಗೆ ಜೀವವಿರುವ ವಿಷಯ ಕರಾರಿನಲ್ಲಿ ಇರಲಿಲ್ಲ.

2. ಬಲಭಾಗದ ನಾಯಿ. ‘ನಂತರ’ ಎಂಬ ಪದದ ಕೆಳಗಿರುವ ನಾಯಿ ಬೇರೆ ನಾಯಿ. ಇದು ಆರೋಪವಲ್ಲ, ಮಾಹಿತಿ. ಅದು ದರ್ಜಿ ಕೆಲಸ ಮಾಡುವ ಮಹಿಳೆಯೊಬ್ಬರದು. ಅದೇ ಕಂದು ಬಣ್ಣ, ಅದೇ ಗಾತ್ರ, ಎಡಗಿವಿ ಗೋಣಿಯದರಂತೆಯೇ ಮಡಚಿದೆ. ಗೋಣಿಯ ಎದೆಯ ಮೇಲಿನ ಬಿಳಿ ಮಚ್ಚೆ ಮಾತ್ರ ಅದಕ್ಕಿಲ್ಲ. ಅದನ್ನು ಮೇಕಪ್ ಮಾಡುವವರು ಪೌಡರಿನಿಂದ ಬರೆಯುತ್ತಾರೆ. ಹೊಳಪು ತಲೆಗೂದಲಿಗೆ ಹಚ್ಚುವ ಕ್ರೀಮಿನದು. ತಮ್ಮ ಎಣ್ಣೆಯ ಒಂದು ಹನಿಯೂ ಆ ನಾಯಿಯ ಹೊಟ್ಟೆಗೆ ಹೋಗಿರಲಿಲ್ಲ. ಸ್ಟುಡಿಯೋದ ದೀಪ ಆರಿದ ಕೂಡಲೇ ಅದು ಹಿಂಗಾಲೆತ್ತಿ ಕೆರೆದುಕೊಳ್ಳಲು ಶುರುಮಾಡುತ್ತಿತ್ತು. ದರ್ಜಿ ಮಹಿಳೆ ಆ ಕಾಲನ್ನು ಹಿಡಿದುಕೊಂಡು, “ಒಂದ್ನಿಮಿಷ ಸುಮ್ನಿರೋ ಮರೀ, ಈಗ ನಿನಗೆ ವಾಸಿಯಾಗಿದೆ” ಎಂದು ಹೇಳಿದ್ದನ್ನು ನಾನೇ ಕೇಳಿಸಿಕೊಂಡಿದ್ದೇನೆ.

3. ನನ್ನ ತಾಯಿಯವರ ಪ್ರವೇಶ. ಜಾಹೀರಾತು ಬಂದ ಮೇಲೆ ನನ್ನ ತಾಯಿ ಗೋಣಿಯನ್ನು ಕರೆದುಕೊಂಡು ಬೀದಿಗೆ ಇಳಿಯುವುದೇ ಕಷ್ಟವಾಯಿತು. ಬ್ರೆಡ್ ಅಂಗಡಿಯವರು ದಿನಾ, “ಏನ್ ಅಜ್ಜೀ, ‘ಮೊದಲು’ ಬಂತು, ‘ನಂತರ’ ಯಾವಾಗ ಬರುತ್ತೆ?” ಎನ್ನುತ್ತಿದ್ದರು. ತಾಯಿಯವರು ಕೆಲವು ದಿನ ನಕ್ಕರು. ಒಂದು ಶನಿವಾರ ಪತ್ರಿಕೆಯನ್ನು ನನ್ನ ಮುಂದೆ ಹರಡಿದರು.

“ಇಲ್ಲಿ ನೋಡು. ಈ ಎಣ್ಣೆ ಕೊಟ್ರೆ ಗೋಣಿ ಹೀಗಾಗ್ತಾನಂತೆ. ಎರಡು ವರ್ಷದಿಂದ ಫೋಟೋ ಹಾಕ್ತಿದಾರೆ, ಒಂದು ಚಮಚ ಕೊಡ್ಬೇಕು ಅಂತ ಯಾರಿಗೂ ಅನ್ನಿಸ್ಲಿಲ್ವಾ?”

“ಅಮ್ಮಾ, ಅದು ಜಾಹೀರಾತು. ಸುದ್ದಿ ಬೇರೆ, ಜಾಹೀರಾತು ಬೇರೆ.”

“ಎರಡೂ ಒಂದೇ ಕಾಗದದಲ್ಲಿ ತಾನೇ ಇರೋದು?”

ಇಪ್ಪತ್ತಾರು ವರ್ಷ ಪತ್ರಿಕೆಯಲ್ಲಿ ಕೆಲಸ ಮಾಡಿದ ನಾನು ಆ ಕಾಗದವನ್ನು ಮಡಚಿಟ್ಟೆ. ತಾಯಿಯವರು ಕೆಳಗಿನ ಅಂಗಡಿಗೆ ಹೋಗಿ ಬಾಟಲಿ ತಂದರು. ಬಾಟಲಿಯ ಮೇಲೂ ಗೋಣಿಯ ಚಿತ್ರವಿತ್ತು. ಅದನ್ನು ಗೋಣಿಗೆ ತೋರಿಸಿದರು. ಅದು ಮುಚ್ಚಳ ನೆಕ್ಕಿತು.

4. ಎಣ್ಣೆ ನೀಡಿಕೆ. ತಾಯಿಯವರು ಮೊದಲ ವಾರ ಧಾರಾಳವಾಗಿ ಸುರಿದದ್ದರಿಂದ ಗೋಣಿಯ ಹೊಟ್ಟೆ ಕೆಟ್ಟಿತು. ಪಶುವೈದ್ಯರು, “ಅಮ್ಮಾ, ಇದು ಕಿರುಗುಟ್ಟೋ ಬಾಗಿಲಿಗೆ ಬಿಡೋ ಎಣ್ಣೆ ಅಲ್ಲ. ತೂಕ ನೋಡಿ ಕೊಡ್ಬೇಕು. ಸ್ವಲ್ಪದಿಂದ ಶುರುಮಾಡಿ, ಊಟದ ಜೊತೆ ಕೊಡಿ. ಎರಡು ತಿಂಗಳಾದ್ರೂ ಕಾಯ್ಬೇಕು” ಎಂದರು. ತೂಕ ನೋಡಲು ನನ್ನನ್ನು ಗೋಣಿಯ ಸಮೇತ ತೂಕದ ಯಂತ್ರ ಹತ್ತಿಸಿ, ಆಮೇಲೆ ಒಬ್ಬನನ್ನೇ ಹತ್ತಿಸಿ, ಒಂದರಿಂದ ಇನ್ನೊಂದನ್ನು ಕಳೆಯಲಾಯಿತು. ನಾಯಿಯ ತೂಕ ಸರಿಯಾಗಿದೆ ಎಂದರು. ನನ್ನ ತೂಕದ ಬಗ್ಗೆ, ನಾನು ಕೇಳದೆಯೇ, ವೈದ್ಯರು ಅಭಿಪ್ರಾಯ ಕೊಟ್ಟರು. ಅದು ಈ ಅರ್ಜಿಯ ವ್ಯಾಪ್ತಿಗೆ ಬರುವುದಿಲ್ಲ.

ಮನೆಯಿಡೀ ಮೀನಿನ ವಾಸನೆ ಹರಡಿತು. ನನ್ನ ಅಂಗಿಗೂ ಹತ್ತಿ, ಕಚೇರಿಯಲ್ಲಿ ನನ್ನ ಪಕ್ಕದ ಕುರ್ಚಿ ಖಾಲಿಯಾಯಿತು. ಎರಡು ತಿಂಗಳು ಕಳೆಯುವ ಹೊತ್ತಿಗೆ ಗೋಣಿಯ ಕೂದಲು ನಯವಾಯಿತು, ಬಾಲದ ಬುಡ ತುಂಬಿಕೊಂಡಿತು. ಪತ್ರಿಕೆಯವನಾದ್ದರಿಂದ ಒಂದು ಸ್ಪಷ್ಟನೆ ಕೊಡಬೇಕು: ಅದೇ ಅವಧಿಯಲ್ಲಿ ವೈದ್ಯರು ಚಿಗಟಕ್ಕೂ ಔಷಧ ಹಾಕಿದ್ದರು, ಊಟವನ್ನೂ ಬದಲಿಸಿದ್ದರು. ಆದ್ದರಿಂದ ಈ ಹೊಳಪಿಗೆ ತಮ್ಮ ಎಣ್ಣೆಯೊಂದೇ ಕಾರಣವೆಂದು ನಾನು ಬರೆಯಲಾರೆ. ತಾವು ಬರೆಯುತ್ತಿದ್ದೀರಿ, ಅದು ತಮ್ಮ ಇಷ್ಟ.

5. ಮ್ಯಾನೇಜರ್ ಅವರ ಪ್ರತಿಕ್ರಿಯೆ. ಹೊಸ ಚಿತ್ರಕ್ಕೆಂದು ಗೋಣಿಯನ್ನು ಸ್ಟುಡಿಯೋಗೆ ಕರೆದೊಯ್ದಾಗ ಮ್ಯಾನೇಜರ್ ಅವರ ಮುಖ ಬಿಳಿಚಿಕೊಂಡಿತು.

“ಏನ್ ಸಾರ್ ಇದು! ನಾಯೀನ ಹಾಳುಮಾಡಿಟ್ಟಿದೀರಲ್ಲ!”

“ಹಾಳಾಗಿಲ್ಲ. ಚೆನ್ನಾಗಿದೆ.”

“ಅದನ್ನೇ ಸಾರ್ ನಾನೂ ಹೇಳ್ತಿರೋದು! ಏನ್ ಹಾಕಿದ್ರಿ ಇದಕ್ಕೆ?”

“ನಿಮ್ಮ ಎಣ್ಣೆ.”

ಮ್ಯಾನೇಜರ್ ಬಾಗಿಲು ಹಾಕಿಕೊಂಡು ಬಂದು, ದನಿ ತಗ್ಗಿಸಿ, “ನಮ್ಮದಾ? ಕೆಲಸ ಮಾಡ್ತಾ?” ಎಂದು ಕೇಳಿದರು. ನಾನು ಮೇಲಿನ ಸ್ಪಷ್ಟನೆಯನ್ನೇ ಅವರಿಗೂ ಕೊಟ್ಟೆ. ಅವರು ಗೋಣಿಯ ಬೆನ್ನು ಸವರಿ ನೋಡಿದರು, ತಲೆಯ ಮೇಲೆ ಕೈಹೊತ್ತು ಕುಳಿತರು. ಮರುದಿನ ನೋಟಿಸು ಬಂತು.

6. ‘ಮೂಲ ಸ್ಥಿತಿ’ಯ ಬಗ್ಗೆ. ನೋಟಿಸನ್ನು ತಾಯಿಯವರಿಗೆ ಓದಿ ಹೇಳಿದೆ.

“ಮೂಲ ಸ್ಥಿತಿ ಅಂದ್ರೆ ಏನೋ?”

“ಮೊದಲಿದ್ದ ಹಾಗೆ, ಅಮ್ಮಾ.”

“ಕೆರ್ಕೊಂಡು ಕೆರ್ಕೊಂಡು ರಕ್ತ ಬರ್ತಿತ್ತಲ್ಲ, ಹಾಗಾ?”

“ಹೌದು.”

“ಆ ಮ್ಯಾನೇಜರ್‌ಗೆ ಅಷ್ಟು ಬೇಕಿದ್ರೆ ತಾನೇ ಎಡಗಡೆ ಹೋಗಿ ಕೆರ್ಕೊಂಡು ನಿಂತ್ಕೊಳ್ಳಲಿ ಅಂತ ಬರಿ. ಗೋಣೀನ ಕೊಡಲ್ಲ.”

ಉಲ್ಲೇಖ (3)ರ ಆದೇಶ ಇದೇ. ಇದಕ್ಕೆ ನನ್ನದೂ ಒಂದು ಮಾತು ಸೇರಿಸಬೇಕಿದೆ. ಗೋಣಿ ಮಲಗುವುದು ತಾಯಿಯವರ ಮಂಚದ ಪಕ್ಕದಲ್ಲಿ. ಮೊದಲು ಅದು ಕೆರೆದುಕೊಳ್ಳುವಾಗ ಹಿಂಗಾಲು ನೆಲಕ್ಕೆ ಬಡಿದು ಟಕಟಕ ಸದ್ದಾಗುತ್ತಿತ್ತು, ತಾಯಿಯವರು ಕೈ ಇಳಿಬಿಟ್ಟು ಕತ್ತಲಲ್ಲೇ ಅದರ ಬೆನ್ನು ಕೆರೆಯುತ್ತಿದ್ದರು. ಇಬ್ಬರಿಗೂ ನಿದ್ದೆ ತುಂಡುತುಂಡು. ಆ ಸದ್ದು ನಿಂತ ದಿನ, ಗೋಣಿಗೆ ಏನಾಯಿತೋ ಎಂದು ತಾಯಿಯವರು ಗಾಬರಿಯಿಂದ ಎದ್ದು ಅದರ ಮೂಗಿನ ಹತ್ತಿರ ಕೈಯಿಟ್ಟು ನೋಡಿದರಂತೆ. ಉಸಿರಾಡುತ್ತಿತ್ತು. ನಿದ್ದೆ ಮಾಡುತ್ತಿತ್ತು, ಅಷ್ಟೆ. ಈಗ ನೋಟಿಸು ಬಂದಾಗಿನಿಂದ ತಾಯಿಯವರು ಗೋಣಿಯ ಸರಪಳಿಯನ್ನು ಮಂಚದ ಕಾಲಿಗೆ ಕಟ್ಟಿಕೊಂಡು ಮಲಗುತ್ತಿದ್ದಾರೆ. ಕಂಪನಿಯವರು ಸಾಮಗ್ರಿಯನ್ನು ವಶಪಡಿಸಿಕೊಳ್ಳಲು ಬಂದಲ್ಲಿ ಮಂಚವನ್ನೂ, ಅದರ ಮೇಲಿರುವ ನನ್ನ ತಾಯಿಯವರನ್ನೂ ಜೊತೆಗೇ ಒಯ್ಯಬೇಕಾಗುತ್ತದೆ. ನಮ್ಮ ಮೆಟ್ಟಿಲು ಕಿರಿದು.

7. ಆದ್ದರಿಂದ, ಕೆಳಗಿನ ಪರಿಹಾರವನ್ನು ತಮ್ಮ ಪರಿಶೀಲನೆಗೆ ಸಲ್ಲಿಸುತ್ತಿದ್ದೇನೆ. ಗೋಣಿ ಈಗ ‘ನಂತರ’ ಸ್ಥಾನಕ್ಕೆ ಬೇಕಾದ ಎಲ್ಲ ಅರ್ಹತೆಗಳನ್ನೂ ಹೊಂದಿದೆ. ಎದೆಯ ಮಚ್ಚೆಯೂ ಸ್ವಂತದ್ದು. ಈಗ ‘ನಂತರ’ ಸ್ಥಾನದಲ್ಲಿರುವ ನಾಯಿ, ಕ್ರೀಮು ತೊಳೆದಲ್ಲಿ, ‘ಮೊದಲು’ ಸ್ಥಾನಕ್ಕೆ ಯಾವ ತಯಾರಿಯೂ ಇಲ್ಲದೆ ಒದಗುತ್ತದೆ. ಆದಕಾರಣ, ಇಬ್ಬರನ್ನೂ ಪರಸ್ಪರ ವರ್ಗಾವಣೆ ಮಾಡಿದಲ್ಲಿ ಯಾರೂ ಕೆಲಸ ಕಳೆದುಕೊಳ್ಳುವುದಿಲ್ಲ. ಅಲ್ಲದೆ ಗೋಣಿಯ ಹಳೆಯ ಚಿತ್ರ ಎಡಕ್ಕೆ, ಹೊಸ ಚಿತ್ರ ಬಲಕ್ಕೆ ಹಾಕಿದಲ್ಲಿ ಎರಡೂ ಒಂದೇ ನಾಯಿಯದಾಗುವ ಸಾಧ್ಯತೆಯೂ ಇದೆ. ಇದನ್ನು ಮ್ಯಾನೇಜರ್ ಅವರಿಗೆ ಸೂಚಿಸಿದಾಗ, “ಹಾಗೆಲ್ಲ ಯಾರೂ ಮಾಡಲ್ಲ ಸಾರ್” ಎಂದರು. ತಾವು ಮಾಡಬಹುದೇನೋ ಎಂಬ ಆಸೆಯಿಂದ ನೇರವಾಗಿ ತಮಗೇ ಬರೆಯುತ್ತಿದ್ದೇನೆ.

ವರ್ಗಾವಣೆ ಸಾಧ್ಯವಾಗದಿದ್ದಲ್ಲಿ, ಗೋಣಿಯನ್ನು ‘ಗುಣವಾದ ಕಾರಣ ಸೇವೆಗೆ ಅನರ್ಹ’ ಎಂದು ಬರೆದು ಸಾಮಗ್ರಿಗಳ ಪಟ್ಟಿಯಿಂದ ಕೈಬಿಟ್ಟು, ನಮ್ಮ ಮನೆಯಲ್ಲೇ ಉಳಿಯಲು ಬಿಡಬೇಕಾಗಿ ಕೋರುತ್ತೇನೆ.

ತಮ್ಮ ಜಾಹೀರಾತಿನ ಮೇಲಲ್ಲದಿದ್ದರೂ ಬಾಟಲಿಯ ಮೇಲೆ ವಿಶ್ವಾಸವಿರುವ,
ಗೋಣಿಯ ಪೋಷಕ

ಲಗತ್ತುಗಳು:
(ಅ) ಗೋಣಿಯ ಕೂದಲು, ಹಳೆಯದು ಒಂದು ಹಿಡಿ (ಚಾಪೆಯಿಂದ ಸಂಗ್ರಹಿಸಿದ್ದು).
(ಆ) ಗೋಣಿಯ ಕೂದಲು, ಹೊಸದು ಮೂರು ಎಳೆ. (ಈಗ ಉದುರುವುದಿಲ್ಲವಾದ್ದರಿಂದ ಇಷ್ಟೇ ಸಿಕ್ಕಿತು.)
(ಇ) ಪಶುವೈದ್ಯರ ಚೀಟಿ. ಚಿಗಟದ ಔಷಧದ ಹೆಸರು ಅದರಲ್ಲಿದೆ, ಮುಚ್ಚಿಟ್ಟಿಲ್ಲ.

ವಿಶೇಷ ಸೂಚನೆ: ಈ ಅರ್ಜಿಯನ್ನು ಲಕೋಟೆಗೆ ಹಾಕುವ ಹೊತ್ತಿಗೆ ತಾಯಿಯವರು ಹೊರಗಿನಿಂದ ಬಂದರು. ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದೆ. “ಆ ಟೈಲರ್ ಹುಡುಗಿ ಮನೆಗೆ. ಪಾಪ, ಆ ‘ನಂತರ’ಕ್ಕೂ ಮೈಯೆಲ್ಲ ಕೆರೆತ ಕಣೋ. ಅರ್ಧ ಬಾಟಲಿ ಕೊಟ್ಟು ಬಂದೆ, ಡಾಕ್ಟರ ಹತ್ರಾನೂ ಹೋಗು ಅಂತ ಹೇಳಿದೀನಿ” ಎಂದರು. ಆದ್ದರಿಂದ ಅಂಶ (7)ರ ಪರಸ್ಪರ ವರ್ಗಾವಣೆ ಸುಮಾರು ಎರಡು ತಿಂಗಳು ಮಾತ್ರ ಊರ್ಜಿತವಿರಬಹುದು. ಅಷ್ಟರೊಳಗೆ ಕಂಪನಿಯು ‘ಮೊದಲು’ ಸ್ಥಾನಕ್ಕೆ ಮೂರನೆಯ ನಾಯಿಯೊಂದನ್ನು ಹುಡುಕಿಕೊಳ್ಳುವುದು ಸೂಕ್ತ. ಹಾಗೆ ಹುಡುಕಿದಲ್ಲಿ, ಅದರ ವಿಳಾಸ ನನ್ನ ತಾಯಿಯವರಿಗೆ ತಿಳಿಯದಂತೆ ನೋಡಿಕೊಳ್ಳಬೇಕಾಗಿ ವಿನಂತಿ. ತಿಳಿದುಬಂದಲ್ಲಿ ಆ ನಾಯಿಯೂ ಗುಣವಾಗುವುದಕ್ಕೆ ನಾನು ಹೊಣೆಯಲ್ಲ.