ಗೋಡೆಯ ಮೇಲಿನ ಕಂಟ್ರೋಲರ್ ಅವರಿಗೆ, ತಮ್ಮ ಸ್ನಾನದ ವೇಳೆ ಕುರಿತು

ಪರಮ ಶುಚಿಗಳೂ ನಾಲ್ಕನೇ ಟ್ಯಾಂಕಿನ ಗೋಡೆಯ ಮೇಲೆ ವಿರಾಜಮಾನರೂ ಆದ ಮಾನ್ಯರೇ,

ತಮ್ಮ ಕೆಳಗೇ ಸ್ಟೂಲು ಹಾಕಿಕೊಂಡು ಕೂರುವ, ಕಾರ್ಖಾನೆಯ ಕೊಳಕು ನೀರು ಶುದ್ಧಿ ಮಾಡುವ ಆಪರೇಟರ್ ನಾನು. ಹದಿನೆಂಟು ವರ್ಷ ನೀರಿನ ಆಮ್ಲ ಅಳೆಯುವ ಸೆನ್ಸರನ್ನು ಹಳೇ ಟೂತ್‌ಬ್ರಷ್ಷಿನಿಂದ ತಿಕ್ಕಿ ತೊಳೆದವನು ನಾನೇ. ಅದನ್ನು ನೋಡಿಕೊಳ್ಳುವ ಯಂತ್ರವಾಗಿ ತಾವು ಬಂದ ಮೇಲೆ ಅದು ಯಾರ ಹಂಗೂ ಇಲ್ಲದೆ ನಾಲ್ಕು ಗಂಟೆಗೊಮ್ಮೆ ತಾನೇ ಸ್ನಾನ ಮಾಡುತ್ತದೆ. ಬಹಳ ಸಂತೋಷ. ನಮ್ಮ ಮನೆಯಲ್ಲಿ ಇಷ್ಟು ಚೊಕ್ಕಟದವರು ಯಾರೂ ಇಲ್ಲ.

ತಕರಾರಿರುವುದು ಆ ಹತ್ತು ನಿಮಿಷದ್ದು. ಸ್ನಾನದ ಹೊತ್ತಿನಲ್ಲಿ ತಾವು ಏನನ್ನೂ ಅಳೆಯುವುದಿಲ್ಲ, ಅಳೆಯುತ್ತಿಲ್ಲವೆಂದು ಹೇಳುವುದೂ ಇಲ್ಲ. ನೀರಿಗಿಳಿಯುವ ಮುಂಚೆ ಕಂಡ ‘ಏಳು’ ಎಂಬ, ಆಮ್ಲವೂ ಅಲ್ಲದ ಕ್ಷಾರವೂ ಅಲ್ಲದ ನಿರಪರಾಧಿ ಅಂಕಿಯನ್ನೇ ಪರದೆಯಲ್ಲಿ ನಿಲ್ಲಿಸಿ, ದಾಖಲೆಗೂ ಅದನ್ನೇ ಕಳಿಸುತ್ತೀರಿ. ಇದನ್ನು ಕೇಳಿದ ನನ್ನ ಹೆಂಡತಿ, “ಬಚ್ಚಲಲ್ಲಿದ್ದಾಗ ಯಾರಾದ್ರೂ ಕದ ತಟ್ಟಿದ್ರೆ ನಾವು ‘ಸ್ನಾನ ಮಾಡ್ತಿದೀನಿ’ ಅಂತಾದ್ರೂ ಕೂಗ್ತೀವಲ್ರೀ” ಎಂದಳು.

ತಮ್ಮ ಸ್ನಾನದ ವೇಳೆಯನ್ನು ನನಗಿಂತ ಚೆನ್ನಾಗಿ ಬಾಯಿಪಾಠ ಮಾಡಿಕೊಂಡವನು, ತಂತಿಯ ತುಕ್ಕು ಬಿಡಿಸುವ ವಿಭಾಗದ ಮೀಸೆ ಮೇಸ್ತ್ರಿ. ಬೆಳಿಗ್ಗೆ ಹತ್ತಕ್ಕೆ ತಾವು ಸ್ನಾನಕ್ಕಿಳಿದರೆ, ನಿಮಿಷ ಕಳೆಯುವುದರೊಳಗೆ ಅವನು ಹಳೇ ಆಸಿಡ್ ತೊಟ್ಟಿಯ ಬಿರಡೆ ಕಿತ್ತಿರುತ್ತಾನೆ. ತಾವು ಮೈ ಒರೆಸಿಕೊಂಡು ಕಣ್ಣು ಬಿಡುವಷ್ಟರಲ್ಲಿ ಅದೆಲ್ಲ ನಮ್ಮ ಟ್ಯಾಂಕು ದಾಟಿ ಹೊರಗಿನ ಕಾಲುವೆ ಸೇರಿರುತ್ತದೆ. ಹೋದ ವಾರ ಕಾಲುವೆಯ ಮೀನುಗಳು ಹೊಟ್ಟೆ ಮೇಲೆ ಮಾಡಿಕೊಂಡು ತೇಲಿದವು. ತಮ್ಮ ಮುಂದಿನ ಸ್ನಾನದ ಹೊತ್ತಿಗೇ ನಾನು ಟ್ಯಾಂಕಿನ ನೀರಿಗೆ ಆಮ್ಲ ಪರೀಕ್ಷೆಯ ಕಾಗದ ಅದ್ದಿದೆ, ಕಡುಗೆಂಪಾಯಿತು. ಲಾಗ್‌ಬುಕ್ಕಿನಲ್ಲಿ ‘ಎರಡು, ಭಾರೀ ಆಮ್ಲ’ ಎಂದು ಬರೆದೆ. ಮ್ಯಾನೇಜರ್ ಸಾಹೇಬರು, “ಮಷೀನ್ ಸುಳ್ಳು ಹೇಳುತ್ತೇನ್ರೀ? ಅದರ ಮೇಲೆ ಗೂಬೆ ಕೂರಿಸ್ತೀರಾ?” ಎಂದು ಗದರಿ, ಸುಳ್ಳು ಬರೆದವನನ್ನು ಕೆಲಸದಿಂದ ಏಕೆ ತೆಗೆಯಬಾರದೆಂದು ನೋಟಿಸು ಕೊಟ್ಟಿದ್ದಾರೆ.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ಗೋಡೆಯಿಂದಿಳಿದು, ನಾಳೆಯ ವಿಚಾರಣೆಗೆ ದಯಮಾಡಿಸಿ “ಆಗ ನಾನು ಸ್ನಾನದಲ್ಲಿದ್ದೆ” ಎಂದು ಒಂದೇ ಒಂದು ಮಾತು ಹೇಳಬೇಕು. ಅಷ್ಟು ದೂರ ನಡೆಯಲಾಗದಿದ್ದರೆ, ಮೇಸ್ತ್ರಿಗೆ ಸುಳಿವು ಕೊಡದೆ ಒಂದು ದಿನ ಸ್ನಾನ ತಪ್ಪಿಸಿ. ಮೈ ನಾರಿದರೆ ನಾನು ಯಾರಿಗೂ ಹೇಳುವುದಿಲ್ಲ.

ಅಳೆಯದೆ ಒಂದಂಕಿಯನ್ನೂ ಬರೆಯದ,
ತಮ್ಮ ವಿಶ್ವಾಸಿ,
ನಾಲ್ಕನೇ ಟ್ಯಾಂಕಿನ ಆಪರೇಟರ್ (ಸದ್ಯಕ್ಕೆ)

ತಾ.ಕ.: ಇವತ್ತು ತಾವು ಸ್ನಾನದಲ್ಲಿದ್ದು, ತಮ್ಮ ಪರದೆ ‘ಏಳು’ ಎಂದು ಮಿನುಗುತ್ತಿದ್ದಾಗಲೇ ಟ್ಯಾಂಕಿನಿಂದ ಒಂದು ಬಕೆಟ್ ನೀರು ತುಂಬಿಟ್ಟಿದ್ದೇನೆ. ನಾಳೆ ಅದನ್ನು ಸಾಹೇಬರ ಮೇಜಿನ ಮೇಲಿಡುತ್ತೇನೆ. ತಮ್ಮ ಮಾತಿನ ಮೇಲೆ ಅವರಿಗೆ ಅಷ್ಟೊಂದು ನಂಬಿಕೆಯಿದ್ದರೆ, ಅಂಗಿಯ ತೋಳು ಮಡಚಿ ಮೊಣಕೈವರೆಗೆ ಕೈ ಅದ್ದಲಿ.